ಗರಿಯಡಿಯ ಕಾವಲು

ಅರಸೀಕೆರೆ
25-10-1998, ಭಾನುವಾರ

ಪ್ರೀತಿಯ ಇಂದು,

ಜೈಭೀಮ್. ನಾನೂ ಅವ್ವನೂ ಇಲ್ಲಿ ಚೆನ್ನಾಗಿದ್ದೇವೆ. ನೀನು, ಅತ್ತೆ, ಮಾವ ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ನಿನ್ನ ಕಾಗದ ದಸರಾಕ್ಕೆ ಮೊದಲೇ ಬಂದಿತ್ತು. ದೀಪಾವಳಿಯೂ ಕಳೆದ ಮೇಲೆ ಉತ್ತರ ಬರೆಯಲು ಕೂತವನನ್ನು ನೀನು ಸೋಮಾರಿ ಎಂದು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಈ ಸಲದ್ದು ಸೋಮಾರಿತನವಲ್ಲ, ನಂಬು. ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಅಳೆದು ಸುರಿದು ಇಷ್ಟು ದಿನವಾಯಿತು.

ಮೊದಲು ನೀನು ಕೇಳಿದ್ದಕ್ಕೆ ಬರುತ್ತೇನೆ. ಬಿಕ್ಕೋಡಿನ ಶಿಶುವಿಹಾರದಲ್ಲಿ ಟೀಚರ್ ಕೆಲಸ ಕೊಡುತ್ತಾರಂತೆ, ಸೇರಲೇ ಎಂದು ಬರೆದಿದ್ದೀಯ. ಬೇಡ ಅನ್ನಲು ನಾನ್ಯಾರು? ಸೇರು ಅನ್ನೋಣವೆಂದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಸೇರಿದರೆ ನೀನು ಅಲ್ಲಿಯವಳೇ ಆಗಿಬಿಡುತ್ತೀಯ ಎಂದು ನನಗೆ ಹೆದರಿಕೆ. ನಮ್ಮ ಪಾಪು ಹೋಗಿ, ನೀನು ತವರಿಗೆ ಹೊರಟು, ಈ ಕಾರ್ತೀಕಕ್ಕೆ ವರ್ಷ ತುಂಬುತ್ತದೆ. ಎಂಟು ತಿಂಗಳಿಗೇ ಹುಟ್ಟಿದ ಕೂಸು, ಶ್ವಾಸಕೋಶ ಬಲಿತಿರಲಿಲ್ಲ ಎಂದು ಡಾಕ್ಟರು ಹೇಳಿದಾಗ ನೀನು ಸುಮ್ಮನೆ ಕೇಳಿಸಿಕೊಂಡೆ. ಅಳಲೂ ಇಲ್ಲ. ಆಮೇಲೆ ನಿಮ್ಮಣ್ಣ ಬಂದಾಗ ಬಟ್ಟೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ. ಯಾವಾಗ ಬರುತ್ತೀಯ ಎಂದು ನಾನು ಪ್ರತಿ ಕಾಗದದಲ್ಲೂ ಕೇಳುತ್ತೇನೆ, ನೀನು ಪ್ರತಿ ಕಾಗದದಲ್ಲೂ ಕಾಫಿ ಹೂವಿನ ಸಮಾಚಾರ ಬರೆಯುತ್ತೀಯ. ಇರಲಿ. ನನ್ನ ಆಸೆ ಒಂದೇ, ನೀನು ಬರಬೇಕು. ಇದನ್ನು ಬರೆದಿಟ್ಟು ಮುಂದಕ್ಕೆ ಹೋಗುತ್ತೇನೆ, ಇಲ್ಲದಿದ್ದರೆ ಕಾಗದವೆಲ್ಲ ಇದೇ ಆಗಿಬಿಡುತ್ತದೆ.

“ನಿಮ್ಮ ಸರ್ಕಾರಿ ಇರುವೆಗಳು ಹೇಗಿವೆ?” ಎಂದು ಕೊನೆಯಲ್ಲಿ ಕುಟುಕಿದ್ದೀಯಲ್ಲ, ಓದಿ ನಕ್ಕೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಅದಕ್ಕೆ ಉತ್ತರ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಮದುವೆಯಾದ ಹೊಸದರಲ್ಲಿ, ಹುಳು ಸಾಕುವುದಕ್ಕೂ ಸರ್ಕಾರ ಸಂಬಳ ಕೊಡುತ್ತದಾ ಎಂದು ನೀನು ನಿಮ್ಮಮ್ಮನ ಹತ್ತಿರ ನಕ್ಕಿದ್ದು ನನಗೆ ಗೊತ್ತು. ಈಗಲೂ ಅದೇ ಕೆಲಸ. ಅಕ್ಕಿಯಲ್ಲಿ ಬೀಳುತ್ತದಲ್ಲ, ಆ ಪತಂಗದ ಹುಳುವನ್ನು ಡಬ್ಬಿಗಳಲ್ಲಿ ಸಾಕುವುದು. ಒಂದೊಂದನ್ನೇ ಗಾಜಿನ ಕೊಳವೆಗೆ ಹಾಕಿ, ಜೊತೆಗೊಂದು ಹೆಣ್ಣು ಕಣಜ ಬಿಟ್ಟು, ಬಾಯಿಗೆ ಹತ್ತಿ ತುರುಕುವುದು. ಜೇನುತುಪ್ಪದ ಹನಿ ಮುಟ್ಟಿಸುವುದು. ಕಣಜ ಅಂದರೆ ಸೂರಿಗೆ ಮಣ್ಣಿನ ಗೂಡು ಕಟ್ಟುವ ದೊಡ್ಡ ಕಣಜವಲ್ಲ. ಇದು ಎಳ್ಳುಕಾಳಿನಷ್ಟು, ಕಪ್ಪಗೆ, ಥೇಟ್ ಇರುವೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತಾರಲ್ಲ, ಆ ಗಾದೆ ಮಾಡಿದವನು ಇದನ್ನು ನೋಡಿಯೇ ಮಾಡಿರಬೇಕು.

ತೆಂಗಿನ ಕಪ್ಪುತಲೆ ಹುಳುವಿನ ಹಾವಳಿ ನೀನು ರೈಲಿನ ಕಿಟಕಿಯಿಂದ ನೋಡಿದ್ದೀಯ. ಬೆಂಕಿ ಬಿದ್ದ ಹಾಗೆ ಕೆಂಪಗೆ ಸುಟ್ಟ ತೋಟಗಳು. ಅದು ಕರಾವಳಿ ಕಡೆಯ ಹುಳು. ಗರಿ, ಸಸಿ ಹೇರಿಕೊಂಡ ಲಾರಿಗಳ ಜೊತೆ ಘಟ್ಟ ಹತ್ತಿ ಬಂದು ನಮ್ಮ ಸೀಮೆಯಲ್ಲಿ ಬಿಡಾರ ಹೂಡಿತು ಎನ್ನುತ್ತಾರೆ ನಮ್ಮ ಉಮಾಶಂಕರ್ ಸಾಹೇಬರು. ಕಳ್ಳ ಹುಳು ಅದು. ಗರಿಯ ಅಡಿಗೆ ನೂಲು ನೇಯ್ದು, ತನ್ನ ಹಿಕ್ಕೆಯನ್ನೇ ಮೆತ್ತಿ ಸುರಂಗ ಮಾಡಿಕೊಂಡು ಒಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯುವುದು ಹೇಗೆ? ಹೊಡೆದರೂ ಸುರಂಗದೊಳಕ್ಕೆ ಇಳಿಯುವುದಿಲ್ಲ. ನಮ್ಮ ಕಣಜ ಇಳಿಯುತ್ತದೆ. ಕತ್ತಲ ಸುರಂಗಕ್ಕೆ ಒಂಟಿಯಾಗಿ ನುಗ್ಗಿ, ತನಗಿಂತ ಎಷ್ಟೋ ಪಾಲು ದೊಡ್ಡ ಹುಳುವಿನ ಮೇಲೆ ಬಿದ್ದು, ಒಂದು ಚುಚ್ಚು ಚುಚ್ಚಿ ಅಲ್ಲಾಡದಂತೆ ಮಲಗಿಸುತ್ತದೆ. ಸಾಯಿಸುವುದಿಲ್ಲ, ಸತ್ತರೆ ಕೊಳೆಯುತ್ತದಲ್ಲ. ಅದರ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿಗಳಿಗೆ ತಾಜಾ ಊಟ ಬೇಕು. ಈ ಲೆಕ್ಕಾಚಾರ ಅದಕ್ಕೆ ಯಾರು ಹೇಳಿಕೊಟ್ಟರು? ಬೇರೆ ಹುಳು ಹುಪ್ಪಟೆಗಳಾದರೆ ಮೊಟ್ಟೆಯಿಟ್ಟು ತಮ್ಮ ದಾರಿ ತಾವು ಹಿಡಿಯುತ್ತವೆ. ಇವಳು ಹೋಗುವುದಿಲ್ಲ, ಇಂದು. ಮೊಟ್ಟೆ ಒಡೆದು, ಮರಿಗಳು ತಿಂದು ಬೆಳೆದು, ಬಿಳಿ ನೂಲಿನ ಗೂಡು ಕಟ್ಟಿಕೊಳ್ಳುವ ತನಕ ಅಲ್ಲೇ ಕಾವಲು ಕೂರುತ್ತಾಳೆ. ಬೇರೆ ಕಣಜ ಹತ್ತಿರ ಬಂದರೆ ಮೈಮೇಲೆ ಬೀಳುತ್ತಾಳೆ. ಭೂತಗನ್ನಡಿ ಹಿಡಿದು ಇದನ್ನು ನೋಡುವಾಗ ನಾನು ಎಷ್ಟು ವರ್ಷದ ನೌಕರ ಎನ್ನುವುದು ಮರೆತುಹೋಗುತ್ತದೆ. ಮೈ ಜುಂ ಎನ್ನುತ್ತದೆ.

ನಿಮ್ಮಣ್ಣನಿಗೂ ಹೇಳು, ಕಾಫಿ ಹಣ್ಣು ಕೊರೆಯುವ ಹೊರದೇಶದ ಹುಳು ಕೊಡಗಿನಲ್ಲಿ ಬೀಡುಬಿಟ್ಟಿದೆ, ನಿಮ್ಮ ಕಡೆಗೂ ಬಂದರೆ ಹೆದರುವುದು ಬೇಡ. ಅದರ ಹಿಂದೆಯೇ ಅದರ ವೈರಿ ಕಣಜವನ್ನೂ ಸಮುದ್ರದಾಚೆಯಿಂದ ತರಿಸಿ ಬಿಡುತ್ತಿದ್ದಾರೆ.

ಈಗ ಸಂಗತಿಗೆ ಬರುತ್ತೇನೆ.

ದಸರಾ ರಜೆಯಲ್ಲಿ ಕಣಜ ಸಾಕುವ ನಮ್ಮ ಕೇಂದ್ರಕ್ಕೆ ಬಣ್ಣ ಹೊಡೆಸುವುದೆಂದಾಯಿತು. ಬಣ್ಣದ ವಾಸನೆಗೆ ಕಣಜ ಉಳಿಯುವುದಿಲ್ಲ. ಸಾಹೇಬರು, “ಮಧುಕುಮಾರ್, ಟ್ರೇಗಳನ್ನ ನಿಮ್ಮನೇಗೆ ತಗೊಂಡ್ ಹೋಗ್ಬಿಡಿ, ಹಬ್ಬ ಕಳೆದ ಮೇಲೆ ತಂದರಾಯ್ತು” ಎಂದರು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಲ್ಲೆಲ್ಲ ಡ್ರೈವರನ್ನು ಗದರಿಸುತ್ತ ತಂದೆ. ಹುಲಿಕೆರೆಯ ಏಕಾಂತಯ್ಯನವರ ತೋಟಕ್ಕೆ ಬಿಡಬೇಕಾದ ಕೊಳವೆಗಳೂ ಅದರಲ್ಲೇ ಇದ್ದವು. ಆ ಮನುಷ್ಯ ಬೇಸಿಗೆಯಿಂದ ಕಾಯುತ್ತಿದ್ದರು. ಆಗ ಒಂದು ಸಲ ಕಣಜ ಬಿಟ್ಟಿದ್ದೆ, ಹಿಡಿದಂತೆ ಕಾಣಲಿಲ್ಲ. ಈ ಸಲವೂ ಆಗದಿದ್ದರೆ ಮರಗಳನ್ನೇ ಉರುಳಿಸುತ್ತೇನೆ ಎಂದು ಕೂತಿದ್ದರು.

ನಡುಕೋಣೆಯಲ್ಲಿ, ನಿನ್ನ ಹೊಲಿಗೆ ಮಿಷನ್ ಪಕ್ಕ ಟ್ರೇಗಳನ್ನು ಜೋಡಿಸಿದೆ. ಆಯುಧ ಪೂಜೆಯ ದಿನ ನಾನು ಸಂಜೆ ಗೆಳೆಯರ ಜೊತೆ ಸಂತೆಪೇಟೆ ಕಡೆ ಹೋಗಿದ್ದೆ. ಅವ್ವನ ವಿಚಾರ ನಿನಗೆ ಗೊತ್ತೇ ಇದೆ. ಅಪ್ಪ ದೀಕ್ಷೆ ತೆಗೆದುಕೊಂಡು ದೇವರ ಪಟಗಳನ್ನೆಲ್ಲ ಇಳಿಸಿದರೂ ಅವಳ ಸಾಂಬ್ರಾಣಿ ಹೊಗೆಯನ್ನು ಬಿಡಿಸಲು ಅವರಿಂದಾಗಲಿಲ್ಲ. ಬುದ್ಧನಿಗೂ ಬಾಬಾಸಾಹೇಬರಿಗೂ ಹೊಗೆ ಹಾಕಿ ಹಾಕಿ ಎರಡು ಪಟಗಳ ಗಾಜಿಗೂ ಮಸಿ ಹಿಡಿಸಿದವಳು. ಅವತ್ತು ಸೈಕಲ್ಲು, ಕುಡುಗೋಲು, ನಿನ್ನ ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟಳಂತೆ. ಆಮೇಲೆ ಟ್ರೇಗಳು ಕಣ್ಣಿಗೆ ಬಿದ್ದಿವೆ. ಮಗನಿಗೆ ಅನ್ನ ಕೊಡುವ ಸಾಮಾನಲ್ಲವೇ! ಹೂವು ಏರಿಸಿ, ಅಗ್ಗಿಷ್ಟಿಕೆ ತುಂಬ ಕೆಂಡ ಮಾಡಿ, ಸಾಂಬ್ರಾಣಿ ಸುರಿದು ಟ್ರೇಗಳ ಮುಂದೆ ಇಟ್ಟು, ಹೊಗೆ ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದಾಳೆ.

ನಾನು ಬಂದು ಪಡಸಾಲೆಯಲ್ಲೇ ಮಲಗಿದೆ. ಹಬ್ಬದ ಮನೆ, ಹೊಗೆ ವಾಸನೆ ಇರುವುದೇ ಎಂದುಕೊಂಡೆ. ಬೆಳಿಗ್ಗೆ ಜೇನುತುಪ್ಪ ಮುಟ್ಟಿಸೋಣವೆಂದು ಹೋದರೆ ಒಂದೂ ಅಲ್ಲಾಡುತ್ತಿಲ್ಲ. ಕೊಳವೆ ಎತ್ತಿ ಬೆಳಕಿಗೆ ಹಿಡಿದೆ, ತಟ್ಟಿದೆ, ಉರುಳಿಸಿದೆ. ಕರಿ ಎಳ್ಳು ಉದುರಿದ ಹಾಗೆ ತಳದಲ್ಲಿ ಬಿದ್ದಿದ್ದವು. ಬಣ್ಣದ ವಾಸನೆಯಿಂದ ಉಳಿಸಲು ತಂದು ಬಾಣಲೆಯಿಂದ ಬೆಂಕಿಗೆ ಹಾಕಿದ ಹಾಗಾಯಿತು. ಕೆಲವು ಕೊಳವೆಗಳಲ್ಲಿ ತಾಯಿ ಕಣಜ ಮರಿಗಳ ಪಕ್ಕದಲ್ಲೇ ಸತ್ತಿತ್ತು, ಬಿಟ್ಟು ಹತ್ತಿಯ ಕಡೆಗೂ ಹೋಗಿರಲಿಲ್ಲ. ನಾನು ಕೂಗಾಡಿದೆ, ಇಂದು. ಅವ್ವನ ಮೇಲೆ ಅಷ್ಟು ಜೋರಾಗಿ ಯಾವತ್ತೂ ಕೂಗಾಡಿದವನಲ್ಲ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. “ಯಾಕ್ಲಾ ಮಗ, ಏನಾಯ್ತು?” ಎಂದಳು.

“ಎಲ್ಲಾ ಸತ್ತೋದೊ. ನಿನ್ನ ಹೊಗೆಯಿಂದ!”

“ಹೊಗೆಗಾ?” ಎಂದಳು. ಅಷ್ಟೇ. ನನ್ನ ಕೈಯಿಂದ ಒಂದು ಕೊಳವೆ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತಳು. ಬೈದರೆ ಎರಡು ಬೈಯುವ ಹೆಂಗಸು, ಕೊಳವೆಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡುತ್ತಿದ್ದಳು. ನನ್ನ ಕೋಪ ಇಳಿದು ಹೆದರಿಕೆ ಶುರುವಾಯಿತು. “ಹೋಗ್ಲಿ ಬಿಡವ್ವ, ಬೇರೆ ತರಿಸ್ತಾರೆ” ಎಂದೆ. ಮಧ್ಯಾಹ್ನ ನೋಡಿದರೆ ಅಗ್ಗಿಷ್ಟಿಕೆ ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಅವತ್ತಿನಿಂದ ಮನೆಯಲ್ಲಿ ಸಾಂಬ್ರಾಣಿ ಇಲ್ಲ.

ಸಾಹೇಬರು ಬೈದರು, ಬೈಯಬೇಕಾದದ್ದೇ. ಬೇರೆ ಕೇಂದ್ರದಿಂದ ತಾಯಿ ಕಣಜ ತರಿಸಿ ಮೊದಲಿನಿಂದ ಶುರು ಮಾಡಿದ್ದೇವೆ. ಆದರೆ ಏಕಾಂತಯ್ಯನವರಿಗೆ ಮುಖ ತೋರಿಸುವುದು ಹೇಗೆ? ಇನ್ನೊಂದು ವಾರ, ಇನ್ನೊಂದು ವಾರ ಎಂದು ಫೋನಿನಲ್ಲಿ ಸಾಗಹಾಕಿದೆ. ಕೊನೆಗೊಂದು ದಿನ ಹುಲಿಕೆರೆಗೆ ಹೊರಟೆ. ಚಪ್ಪಲಿ ಮೆಟ್ಟುತ್ತಿದ್ದರೆ ಅವ್ವ ಸೀರೆ ಬದಲಾಯಿಸಿಕೊಂಡು ಬಂದು ನಿಂತಳು. “ನಾನೂ ಬತ್ತೀನಿ. ಕೆಡಿಸ್ದೋಳು ನಾನು. ನೀ ಯಾಕ್ಲಾ ಅವ್ರ ಮುಂದೆ ತಲೆ ತಗ್ಸಿ ನಿಂತ್ಕಬೇಕು?” ಎಂದಳು. ಬೇಡವೆಂದರೆ ಕೇಳುವವಳೇ?

ಹಳೇಬೀಡಿನ ಬಸ್ಸು ಹಿಡಿದೆವು. ಹುಲಿಕೆರೆ ಕೊಳದ ಹತ್ತಿರ ಇಳಿದು ತೋಟಕ್ಕೆ ನಡೆದೆವು. ನಮ್ಮ ಜನ ಈ ತೋಟಗಳ ಬೇಲಿ ದಾಟದೆ ಹೊರಗೇ ನಿಂತು ಕೂಗುತ್ತಿದ್ದ ಕಾಲವನ್ನು ಅವ್ವ ಕಂಡವಳು. ಬೇಲಿಯ ಹತ್ತಿರ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಏಕಾಂತಯ್ಯನವರೇ, “ಅಲ್ಯಾಕೆ ನಿಂತ್ರಿ? ಬನ್ನಿ, ಒಳಿಕ್ಕೆ ಬನ್ನಿ” ಎಂದು ಕರೆದರು. ಅವ್ವ ಹೋದವಳೇ ಪೀಠಿಕೆ ಇಲ್ಲದೆ, “ಯಜಮಾನ್ರೇ, ನಿಮ್ಮ ತೋಟುಕ್ಕೆ ಬರೋ ಹುಳನ ನಾನು ಹೊಗೆ ಹಾಕಿ ಸಾಯ್ಸಿವ್ನಿ. ಪೂಜೆ ಅಂತ ಮಾಡ್ದೆ. ನನ್ ಮಗಂದು ತಪ್ಪಿಲ್ಲ. ಬೈಯಂಗಿದ್ರೆ ನನ್ನ ಬೈರಿ” ಎಂದಳು.

ಏಕಾಂತಯ್ಯನವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. “ಪೂಜೆ ಮಾಡಿ ಸಾಯ್ಸಿದ್ರಾ! ನಾನು ವಿಷ ಹೊಡ್ದು ಹೊಡ್ದು ಸಾಕಾಗಿ ಕುಂತಿವ್ನಿ. ಹೋಗ್ಲಿ ಬಿಡಮ್ಮ. ಬಂದಿದ್ದೀರಿ, ಒಂದ್ ಗರಿ ಇಳ್ಸ್ತೀನಿ, ನೋಡೀರಂತೆ, ಈ ಮರಗಳು ಉಳಿಯೋ ಜಾತಿಯೋ ಅಲ್ವೋ ಅಂತ” ಎಂದು ಆಳನ್ನು ಮರ ಹತ್ತಿಸಿದರು.

ಗರಿ ದೊಪ್ಪೆಂದು ಬಿತ್ತು. ಅರ್ಧ ಸುಟ್ಟ ಗರಿ. ಮಗುಚಿ ಹಾಕಿ ಅಡಿಯ ಸುರಂಗಗಳನ್ನು ಒಂದೊಂದೇ ಬಿಡಿಸುತ್ತ ಹೋದೆ. ಮೊದಲೆರಡರಲ್ಲಿ ಜೀವಂತ ಹುಳು. ಮೂರನೆಯದು ಖಾಲಿ. ನಾಲ್ಕನೆಯದನ್ನು ಬಿಡಿಸಿದವನು ಹಾಗೇ ಕೈ ನಿಲ್ಲಿಸಿಬಿಟ್ಟೆ. ಹುಳು ಅಲ್ಲಾಡದೆ ಮಲಗಿದೆ. ಅದರ ಮೈಮೇಲೆ ಕಣಜದ ಮರಿಗಳು ಸಾಲಾಗಿ ಅಂಟಿಕೊಂಡಿವೆ. ಪಕ್ಕದಲ್ಲಿ, ಅಷ್ಟು ಎತ್ತರದಿಂದ ಗರಿ ಬಿದ್ದರೂ ಬಿಟ್ಟು ಹಾರದೆ, ಕರಿ ತಾಯಿ ಮೀಸೆ ಆಡಿಸುತ್ತ ನಿಂತಿದ್ದಾಳೆ!

ಇಂದು, ಇದನ್ನು ನಾನು ತಂದು ಬಿಟ್ಟಿದ್ದಲ್ಲ. ಬೇಸಿಗೆಯಲ್ಲಿ ಬಿಟ್ಟಿದ್ದರ ಮಕ್ಕಳೋ, ಮೊಮ್ಮಕ್ಕಳೋ, ಮರಿಮಕ್ಕಳೋ. ನಾವು ಕೈಚೆಲ್ಲಿ ಕೂತಾಗ ಇವು ಯಾರಿಗೂ ಹೇಳದೆ ಕೇಳದೆ ಗರಿಯಿಂದ ಗರಿಗೆ, ಮರದಿಂದ ಮರಕ್ಕೆ ಹೋಗಿ ಕೆಲಸ ಮಾಡುತ್ತಲೇ ಇದ್ದವು. ಬಿಡಿಸುತ್ತ ಹೋದಂತೆ ಮತ್ತೆ ಸಿಕ್ಕವು, ಬಿಳಿ ಗೂಡುಗಳು, ಹೊಸ ಮೊಟ್ಟೆಗಳು. ಮೇಲೆ ನೋಡಿದೆ. ಸುಟ್ಟ ಗರಿಗಳ ನಡುವೆ ಸುಳಿಯ ಹೊಸ ಗರಿಗಳು ಹಸಿರಾಗಿದ್ದವು. ನನಗೆ ಅಲ್ಲೇ ಕೂತುಬಿಡೋಣ ಎನಿಸಿತು. ಹಳೇಬೀಡಿನ ಗುಡಿಯ ಗೋಡೆ ಮುಂದೆ ನಿಂತು ಜನ ಬಾಯಿ ಬಿಡುತ್ತಾರಲ್ಲ, ಅದಕ್ಕಿಂತ ದೊಡ್ಡದೇನೋ ಒಂದು ನನ್ನ ತಲೆಯ ಮೇಲೆ ಗಾಳಿಗೆ ಅಲ್ಲಾಡುತ್ತಿತ್ತು. ಏಕಾಂತಯ್ಯನವರು ಟವೆಲು ಹೆಗಲಿಂದ ತೆಗೆದು ನಿಂತಿದ್ದರು. ಈಗ ಮರ ಉರುಳಿಸುವ ಮಾತಿಲ್ಲ, ಔಷಧಿಯನ್ನೂ ಹೊಡೆಯುವುದಿಲ್ಲ ಎಂದಿದ್ದಾರೆ.

ಅವ್ವ, “ಆ ಗಾಜು ಕೊಡ್ಲಾ” ಎಂದಳು. ಭೂತಗನ್ನಡಿ ಕೊಟ್ಟೆ. ಗರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಏಕಾಂತಯ್ಯನವರು ಎಳನೀರು ಕೆತ್ತಿ ಹಿಡಿದಿದ್ದರೂ ನೋಡಲಿಲ್ಲ.

“ಇದು ಯಾಕೆ ಓಡಾಕಿಲ್ಲ?” ಎಂದು ಕೇಳಿದಳು.

“ಮರಿ ದೊಡ್ಡವಾಗೋಗಂಟ ಹೋಗಲ್ಲ ಕಣವ್ವ” ಎಂದೆ.

“ಇಷ್ಟೇ ಇಷ್ಟು ಐತೆ. ಇದುಕ್ಕೂ ಗೊತ್ತಾಯ್ತದಾ?”

ಗೊತ್ತಾಗುತ್ತದೋ ಇಲ್ಲವೋ ಪುಸ್ತಕದಲ್ಲಿಲ್ಲ. ಆಗುತ್ತದೆ ಎಂದೆ. ಅವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಗಾಜಿನಲ್ಲಿ ಬಹಳ ಹೊತ್ತು ನೋಡಿದರೆ ಹಾಗಾಗುತ್ತದೆ ಎಂದು ಏಕಾಂತಯ್ಯನವರಿಗೆ ಹೇಳಿದೆ. ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿಕೊಂಡೇ ಬಂದಳು.

ಇಷ್ಟೇ ಸಂಗತಿ. ಬರೆದು ಮುಗಿಸಿದ ಮೇಲೆ ಎದೆ ಹಗುರವಾಗಿದೆ. ನಿನ್ನನ್ನು ನೋಯಿಸಲೆಂದು ಇದರಲ್ಲಿ ಒಂದು ಅಕ್ಷರವನ್ನೂ ಬರೆದಿಲ್ಲ. ಚಳಿ ಶುರುವಾಗಿದೆ, ಬೆಳಿಗ್ಗೆ ತಣ್ಣೀರು ಸ್ನಾನ ಮಾಡುವ ನಿನ್ನ ಹಟ ಬಿಡು. ನಿನ್ನ ಮಿಷನ್ನಿಗೆ ಎಣ್ಣೆ ಹಾಕಿದ್ದೇನೆ. ಅತ್ತೆ ಮಾವನವರಿಗೆ ನನ್ನ ನಮಸ್ಕಾರ. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ಅದು ಇಲ್ಲೇ ಸಿಗಲಿ ಎಂಬ ಸ್ವಾರ್ಥವೂ ನನಗಿದೆ. ಬುದ್ಧ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಮಧು

ತಾ. ಕ.

ಸೋಮವಾರ ಬೆಳಿಗ್ಗೆ. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅವ್ವ ಬಂದು ಎದುರಿಗೆ ಕೂತಳು. “ಇಂದೂಗಾ? ಹುಳ ಸತ್ತಿದ್ದು ಬರ್ದೆಯಾ?” ಎಂದಳು. ಬರೆದೆ ಎಂದೆ. “ಹಂಗಾರೆ ಇದ್ನೂ ಬರಿ” ಎಂದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

“ಕೂಸಿಗೆ ನೀರು ಹಾಕಿ ಹೊಗೆ ಕೊಡುವಾಗ, ಬಾಗ್ಲು ತೆಗೀರಿ ಅತ್ತೆ, ಉಸ್ರು ಎಳಿಯಾಕೆ ಒದ್ದಾಡ್ತೈತೆ ಅಂದ್ಲು ಅವ್ಳು. ಕೈ ಹಿಡ್ಕಂಡು ಅಂದ್ಲು. ಚಳಿಗಾಳಿ ಬಡೀತದೆ, ಸುಮ್ಕಿರು, ನಾನು ಹೆತ್ತು ಸಾಕಿಲ್ವಾ ಅಂದೆ. ಚಿಲ್ಕ ಹಾಕ್ದೆ. ಅವತ್ತು ಸಂಜೀಕೇ ಕೂಸು ಹೋಯ್ತು.”

ಆ ದಿನ ನಾನು ಜಾವಗಲ್ ಕಡೆ ಕಣಜ ಬಿಡಲು ಹೋಗಿದ್ದೆ. ನನಗೆ ಇದು ಗೊತ್ತಿರಲಿಲ್ಲ, ಇಂದು. ನೀನು ಹೇಳಲಿಲ್ಲ. ನನ್ನ ಅವ್ವನ ಮೇಲೆ ನನ್ನ ಹತ್ತಿರ ದೂರು ಹೇಳಬಾರದೆಂದು ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೆಯಾ?

“ಅದ್ರಿಂದ್ಲೇ ಹೋಯ್ತೇನ್ಲಾ?” ಎಂದು ಕೇಳಿದಳು. ಡಾಕ್ಟರು ಹೇಳಿದ್ದನ್ನೇ ಹೇಳಿದೆ. “ಡಾಕ್ಟ್ರು ಆ ಕ್ವಾಣೇಲಿ ಇರ್ಲಿಲ್ಲ, ಇದ್ದೋಳು ಅವ್ಳು. ಅವ್ಳು ಏನಂತಾಳೋ ಅದ್ನ ಕೇಳ್ಬೇಕು” ಎಂದು ನಿಮ್ಮೂರಿಗೆ ಹೊರಡಲು ಎದ್ದಳು. ನಾನೂ ಬರುತ್ತೇನೆಂದೆ. ಬೇಡವಂತೆ, ನಾನಿದ್ದರೆ ನೀನು ಬಾಯಿ ಬಿಡುವುದಿಲ್ಲವಂತೆ.

ಹಾಗಾಗಿ ಈ ಕಾಗದ ಅಂಚೆಗೆ ಹೋಗುತ್ತಿಲ್ಲ. ಬೇಲೂರಿನ ಬಸ್ಸಿಗೆ ಅವ್ವನನ್ನು ಹತ್ತಿಸಿ ಅವಳ ಕೈಗೇ ಕೊಡುತ್ತಿದ್ದೇನೆ. ನೀನು ಇದನ್ನು ಓದುತ್ತಿರುವಾಗ ಅವಳು ನಿಮ್ಮ ಜಗಲಿಯ ಮೇಲೆ ಕೂತು ನಿನ್ನ ಮುಖವನ್ನೇ ನೋಡುತ್ತಿರುತ್ತಾಳೆ. ನಿನ್ನನ್ನು ಕರೆಯಲು ಬಂದಿಲ್ಲ. ನೀನು ಅವತ್ತಿನಿಂದ ಆಡದೇ ಇಟ್ಟುಕೊಂಡ ಮಾತು ಏನಿದೆಯೋ ಅದನ್ನು ಕೇಳಲು ಬಂದಿದ್ದಾಳೆ. ಬೈಯಬೇಕೆನಿಸಿದರೆ ಬೈ, ನನ್ನ ಮುಖ ನೋಡಿಕೊಂಡು ಸುಮ್ಮನಾಗಬೇಡ. ನೀನು ಮಾತಾಡುವ ತನಕ ನಿಮ್ಮ ಮನೆಯ ನೀರನ್ನೂ ಮುಟ್ಟುವುದಿಲ್ಲವೆಂದು ಹೇಳಿ ಹೊರಟಿದ್ದಾಳೆ.

ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಇಂದು.